ವಿಹಾರದ ಗೋಡೆಯ ನೀಲಿ

ನಮ್ಮವ್ವ ಯಾರ ಮುಂದೂ ಜಂಬ ಕೊಚ್ಚುವವಳಲ್ಲ. ಹೊಲದಲ್ಲಿ ಕಳೆ ತೆಗೆಯುವಾಗಲೂ ಸಾಲಿನ ಕೊನೆಯಲ್ಲೇ ಕೂರುವವಳು. ಅಂಥವಳು ಮೊನ್ನೆ ಬುದ್ಧ ಪೂರ್ಣಿಮೆಗೆ ಮುಂಚೆ ಮೋರಖಂಡಿಯ ನಮ್ಮ ವಿಹಾರದಲ್ಲಿ ಓಣಿಯವರೆಲ್ಲ ಸೇರಿದಾಗ ಧಡಕ್ಕನೆ ಎದ್ದು ನಿಂತಳು. ಬುದ್ಧನ ಮೂರ್ತಿಯ ಹಿಂದಿದ್ದ ಹಳೆಯ ಪರದೆ ಚಿಂದಿಯಾಗಿತ್ತು. ಅದರ ಜಾಗಕ್ಕೆ ದೊಡ್ಡ ಬ್ಯಾನರ್ ಹಾಕಿಸಬೇಕು, ಯಾವ ಅಂಗಡಿಗೆ ಕೊಡೋಣ ಎಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದರು.

"ಅಂಗಡಿಯವರು ಯಾಕ? ನನ್ನ ಮಗಳು ತೆಗೀತಾಳ ಚಿತ್ರ. ಜಿಮ್ಮೇದಾರಿ ನಂದು," ಎಂದಳು ಅವ್ವ.

ಎಲ್ಲರ ಕಣ್ಣೂ ನನ್ನ ಮೇಲೆ. ಹಿರಿಯರೊಬ್ಬರು ತಲೆಯಾಡಿಸಿ, "ತೆಗೀಲಿ ಬಿಡು. ಆದ್ರ ನೀಲಿ ಮಾತ್ರ ಬರಾಬರ್ ನೀಲಿನೇ ಇರಬೇಕವ್ವ," ಎಂದರು. ಅವರು ಹೇಳಿದ್ದು ಸುಮ್ಮನೆ ಅಲ್ಲ. ನಮ್ಮ ಬಾವುಟ ನೀಲಿ, ಮನೆಯ ಬಾಗಿಲು ನೀಲಿ, ಹಬ್ಬದ ದಿನ ಹೆಗಲಿಗೇರುವ ಶಲ್ಯ ನೀಲಿ. ಬೇರೆ ಯಾವ ಬಣ್ಣ ಹೆಚ್ಚುಕಡಿಮೆಯಾದರೂ ನಮ್ಮವರು ಹೋಗಲಿ ಬಿಡು ಎಂದಾರು, ನೀಲಿಗೆ ಹಾಗನ್ನಲಾರರು. ಬ್ಯಾನರ್ ಕೆಟ್ಟರೆ ನನಗೇನು, ಮುಖ ಊದಿಸಿಕೊಂಡು ಒಂದು ವಾರ ಮನೆಯಲ್ಲಿ ಕೂತೇನು. ಅವ್ವ ಮಾತ್ರ ಮರುದಿನವೇ ಅದೇ ಹೆಂಗಸರ ಜೊತೆ ಹೊಲಕ್ಕೆ ಹೋಗಬೇಕಿತ್ತು.

ನಾನು ಬಸವಕಲ್ಯಾಣದಲ್ಲಿ ಗ್ರಾಫಿಕ್ ಡಿಸೈನ್ ಕೋರ್ಸ್ ಮುಗಿಸಿ, ಅಲ್ಲೇ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕೋರ್ಸಿನಲ್ಲಿ ಕಲಿತ ಮಾತುಗಳನ್ನು ಅಂಗಡಿ ಮೊದಲ ವಾರದಲ್ಲೇ ಬಿಡಿಸಿತ್ತು. ಯಾರೋ ಮೊಬೈಲಿನಿಂದ ಉಗುರಿನಷ್ಟು ಚಿತ್ರ ಕಳಿಸಿ, ಇದನ್ನು ಬಾಗಿಲಿನಷ್ಟು ಮಾಡಿ ಎಂದರು. "ಇದರ ರೆಸಲ್ಯೂಶನ್ ಸಾಲೋದಿಲ್ರಿ" ಎಂದೆ. ಅಂಗಡಿ ತುಂಬ ನಗು! "ಮೇಡಂ ಇಂಗ್ಲಿಷ್ ಮಾತಾಡಾಕತ್ತಾರ, ಕುರ್ಚಿ ಹಾಕ್ರಪ್ಪಾ!" ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನನಗೆ ಮೈಯೆಲ್ಲ ಉರಿಯಿತು. ಆದರೂ ಅವತ್ತಿನಿಂದ ಬಜಾರಿನ ಮಾತನ್ನೇ ಆಡತೊಡಗಿದೆ. ಕೈಯಿಂದ ತೆಗೆದ ಚಿತ್ರವೂ ಫೋಟೋ, ಅಕ್ಷರ ಜೋಡಿಸಿದ್ದೂ ಫೋಟೋ. ಬಣ್ಣಕ್ಕೆ ಇದ್ದಿದ್ದು ಎರಡೇ ಮಾತು: ಜರಾ ಡಾರ್ಕ್, ಜರಾ ಲೈಟ್. ಅಷ್ಟರಲ್ಲೇ ಬಸವಕಲ್ಯಾಣದ ಅರ್ಧ ಮದುವೆ, ಅರ್ಧ ಹುಟ್ಟುಹಬ್ಬ ನಡೆದುಹೋಗುತ್ತಿದ್ದವು.

ವಿಹಾರದ ಚಿತ್ರವನ್ನು ಟ್ಯಾಬ್ ಮೇಲೆ ಜೀವ ತೇದು ಬರೆದೆ. ಬೋಧಿವೃಕ್ಷದ ಎಲೆಗಳನ್ನು ಒಂದೊಂದಾಗಿ ತೆಗೆದೆ, ಹಿಂದೆ ಪೂರಾ ನೀಲಿ ಆಕಾಶ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಟ್ಯಾಬಿನ ಪರದೆ ಮುಟ್ಟಿ ನೋಡಿ, "ಏ, ಖರೇ ನೀಲಿ ಅದ ನೋಡು ಇದು!" ಎಂದಳು. ಅಷ್ಟು ದೊಡ್ಡ ಬ್ಯಾನರ್ ಹೊಡೆಯುವ ಮಷೀನ್ ನಮ್ಮ ಅಂಗಡಿಯಲ್ಲಿ ಇರಲಿಲ್ಲ. ಹಾಗಾಗಿ ಪೂರ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಹುಮನಾಬಾದಿನ ಬಸ್ ಹತ್ತಿ, ಹೆಂಗಸರಿಗೆ ಪುಕ್ಕಟೆ ಕೊಡುವ ಜೀರೋ ಟಿಕೆಟ್ ಹರಿಸಿಕೊಂಡೆ. ರಾಜೇಶ್ವರ ದಾಟುವವರೆಗೂ ಟ್ಯಾಬ್ ತೆಗೆದು ತೆಗೆದು ನೋಡಿ ಖುಷಿಪಟ್ಟೆ.

ಹುಮನಾಬಾದಿನ ಪ್ರಿಂಟಿಂಗ್ ಅಂಗಡಿಯ ಮಾಲಕರು ವಯಸ್ಸಾದವರು, ತಣ್ಣನೆಯ ಸ್ವಭಾವ. ಮಷೀನನ್ನು ತಾವೇ ನಡೆಸುತ್ತಿದ್ದರು. "ಬಾ ತಂಗಿ, ಕೂಡು" ಎಂದು ಚಹಾ ತರಿಸಿದರು. ಮೊದಲು ಒಂದು ಸಣ್ಣ ತುಂಡು ಹೊಡೆದು ತೋರಿಸಿದರು. ನೋಡಿದೆ. ಆಕಾಶ ಬದನೆಕಾಯಿ ಬಣ್ಣಕ್ಕಿತ್ತು.

"ಅಣ್ಣಾ, ಇದ್ಯಾಕ ಹಿಂಗ ಬಂತು?"

"ಹ್ಯಾಂಗ ಬೇಕು ಹೇಳು ತಂಗಿ, ಹಂಗ ಮಾಡೋಣ."

"ಜರಾ ಡಾರ್ಕ್ ಮಾಡ್ರಿ."

ಮಾಡಿದರು. ಬದನೆಕಾಯಿ ಇನ್ನಷ್ಟು ಬಲಿಯಿತು. ಟ್ಯಾಬ್ ಪಕ್ಕದಲ್ಲಿ ಹಿಡಿದು "ಇದರಾಗ ಹ್ಯಾಂಗ ಅದ, ಹಂಗ ಬೇಕ್ರಿ" ಎಂದೆ. ಅವರು ಕನ್ನಡಕ ಏರಿಸಿ ನೋಡಿ, "ಜರಾ ಚಮಕ್ ಕೊಡ್ತೀನಿ ಬಿಡು" ಎಂದರು. ಈ ಸಲ ಬಂದದ್ದು ನೇರಳೆ ಹಣ್ಣು. ನಾನು "ಜರಾ ಲೈಟ್" ಎಂದೆ, ಅವರು "ಜರಾ ಥಂಡಾ ಮಾಡೋಣ" ಎಂದರು. ಲೈಟ್ ಆದ ಬದನೆಕಾಯಿ ಬಂತು. ಮಧ್ಯಾಹ್ನ ಆಯಿತು, ಟೇಬಲ್ ಮೇಲೆ ತುಂಡುಗಳು ರಾಶಿಯಾದವು. ನನಗೆ ಅಳುವುದೋ, ಆ ಮಷೀನಿಗೆ ಒದೆಯುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಅವ್ವನ ಫೋನು.

"ಆತೇನು? ಎಲ್ಲಾರೂ ಕೇಳಾಕತ್ತಾರ."

"ಆಗಾಕತ್ತದವ್ವ," ಎಂದೆ. ದನಿ ನಡುಗಿದ್ದು ಅವಳಿಗೆ ಕೇಳಿಸಿರಬೇಕು, ಮತ್ತೇನೂ ಕೇಳದೆ ಫೋನಿಟ್ಟಳು.

ಏನಾಗುತ್ತಿದೆ ಎಂಬುದು ನನಗೆ ಮೊದಲ ತುಂಡಿಗೇ ಗೊತ್ತಾಗಿತ್ತು, ಅದೇ ದೊಡ್ಡ ಸಂಕಟ. ಟ್ಯಾಬಿನ ಬಣ್ಣ ಬೆಳಕಿನಿಂದ ಆಗುವಂಥದ್ದು: ಕೆಂಪು, ಹಸಿರು, ನೀಲಿ. ಅದಕ್ಕೆ ಆರ್‌ಜಿಬಿ ಎನ್ನುತ್ತಾರೆ. ಮಷೀನಿಗೆ ಬೆಳಕಿಲ್ಲ, ಇರುವುದು ನಾಲ್ಕು ಶಾಯಿ, ಅದು ಸಿಎಮ್‌ವೈಕೆ. ಅದರಲ್ಲಿ ನೀಲಿ ಆಗಬೇಕಾದರೆ ತಿಳಿನೀಲಿಯಾದ ಸಯಾನ್‌ಗೆ ಗುಲಾಬಿ ಕೆಂಪಿನ ಮೆಜೆಂಟಾ ಕೂಡಬೇಕು, ಮೆಜೆಂಟಾ ಜಾಸ್ತಿಯಾಯಿತೋ, ಬದನೆಕಾಯಿ. ನಾನು ಡಾರ್ಕ್ ಎಂದಾಗೆಲ್ಲ ಅವರು ಎರಡನ್ನೂ ಏರಿಸುತ್ತಿದ್ದರು. ಇಷ್ಟೆಲ್ಲ ತಿಳಿದೂ ಬಾಯಿ ಬಿಗಿಹಿಡಿದು ಕೂತಿದ್ದೆ. ತಂದೆಯಂಥವರಿಗೆ, ಅವರದೇ ಅಂಗಡಿಯಲ್ಲಿ, ಅವರ ಚಹಾ ಕುಡಿಯುತ್ತಾ, ನಿನ್ನೆ ಮೊನ್ನೆ ಕೋರ್ಸ್ ಮುಗಿಸಿದ ಹುಡುಗಿ ಹೇಳಿಕೊಡುವುದೇ? ಹಿಂದೆ ನಾಲ್ಕು ಜನ ಗಿರಾಕಿಗಳು ಬೇರೆ ಕೂತಿದ್ದರು. ಮತ್ತೆ ಆ "ಮೇಡಂ" ಕೇಳಿಸಿಕೊಳ್ಳಲು ನನಗೆ ತಾಕತ್ತಿರಲಿಲ್ಲ.

"ಇನ್ನೊಮ್ಮೆ ಜರಾ ಡಾರ್ಕ್ ಮಾಡಿ ನೋಡೋಣೇನು ತಂಗಿ?" ಎಂದರು ಅವರು, ಪಾಪ, ಅಷ್ಟೇ ಮೃದುವಾಗಿ.

ಥೂ, ಸುಡಲಿ ಈ ಡಾರ್ಕು! ನನ್ನ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು. ಎದ್ದು ನಿಂತೆ.

"ಬ್ಯಾಡ್ರಿ ಅಣ್ಣಾ! ಡಾರ್ಕೂ ಬ್ಯಾಡ, ಲೈಟೂ ಬ್ಯಾಡ. ಈ ಫೈಲ್ ಆರ್‌ಜಿಬಿ ಅದ. ಇದನ್ನ ಸಿಎಮ್‌ವೈಕೆಗೆ ಕನ್ವರ್ಟ್ ಮಾಡ್ರಿ. ಸಯಾನ್ ಪೂರಾ ಇರಲಿ, ಮೆಜೆಂಟಾ ಅರ್ಧದಷ್ಟಕ್ಕ ಇಳಸ್ರಿ. ಆಮ್ಯಾಲ ಒಂದು ಟೆಸ್ಟ್ ಸ್ಟ್ರಿಪ್ ತಗೀರಿ!"

ಯಾರೂ ನಗಲಿಲ್ಲ. ಮಾಲಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. ಸತ್ತೆ ಎಂದುಕೊಂಡೆ.

"ಅಯ್ಯ ಇವಳ," ಎಂದರು. "ಮುಂಜಾನಿಯಿಂದ ಇದನ್ನ ಹೇಳಬೇಕಂತ ನಾನೂ ಬಾಯಿ ಕಟ್ಕೊಂಡು ಕೂತೀನಲ್ಲ ತಂಗಿ! ಮೆಜೆಂಟಾ ಅಂದ್ರ ಹುಡುಗಿಗಿ ತಿಳೀತದೋ ಇಲ್ಲೋ, ನಾಲ್ಕು ಮಂದಿಯಾಗ ಅವಮಾನ ಆದಂಗ ಆಗ್ತದ ಅಂತ ಸುಮ್ಮಿದ್ದೆ. ನೀ ಡಾರ್ಕ್ ಅಂದಿ, ನಾ ಡಾರ್ಕ್ ಮಾಡಿದೆ."

"ನಿಮಗ ಬ್ಯಾಸರ ಆಗ್ತದಂತ ನಾನೂ ಸುಮ್ಮಿದ್ದೆರಿ."

"ಹೌದೇನು? ಭಲೆ! ಇಬ್ಬರೂ ಮರ್ಯಾದಸ್ಥರೇ!" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ನಗುತ್ತಲೇ ಕಣ್ಣೊರೆಸಿಕೊಂಡೆ. ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾ ಅರ್ಧ ದಿನ ಹಾಳು ಮಾಡಿದ್ದೆವು. ಆಮೇಲೆ ಕೆಲಸ ಸರಸರ ಸಾಗಿತು. ಅವರು ಮೆಜೆಂಟಾ ಇಳಿಸಿದರು, ನಾನು ಇನ್ನೂ ಸ್ವಲ್ಪ ಎಂದೆ, ಅವರು ಕಪ್ಪು ಶಾಯಿ ಪೂರಾ ತೆಗೆಯೋಣ ಎಂದರು. ಟ್ಯಾಬಿನ ಹೊಳಪು ಶಾಯಿಗೆ ಬರುವುದಿಲ್ಲ ಎಂದು ಅವರೂ ನೇರವಾಗಿ ಹೇಳಿದರು, ನಾನೂ ಒಪ್ಪಿಕೊಂಡೆ. ಮಷೀನು ಕಿರ್ರೆಂದು ಪಟ್ಟಿಯನ್ನು ಹೊರಹಾಕಿತು. ನೀಲಿ! ನಮ್ಮ ಬಾಗಿಲಿನ ನೀಲಿ. ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮತ್ತೊಂದು ಚಹಾ ಬಂತು.

ಸಂಜೆ ಊರಿಗೆ ಬಂದು ವಿಹಾರದ ಗೋಡೆಗೆ ಬ್ಯಾನರ್ ಕಟ್ಟಿಸಿದೆವು. ಓಣಿಯವರು ಒಬ್ಬೊಬ್ಬರೇ ಬಂದು ನಿಂತರು. ಹಿರಿಯರು ಹತ್ತಿರ ಹೋಗಿ, ದೂರ ಬಂದು, ಮತ್ತೆ ಹತ್ತಿರ ಹೋಗಿ ನೋಡಿ, "ಬರಾಬರ್ ಅದ" ಎಂದರು. ಹೆಂಗಸರು ಅವ್ವನ ಭುಜಕ್ಕೆ ಹೊಡೆದು, "ಏನವ್ವ, ಇನ್ನ ನಿನ್ನ ಹಿಡಿಯಾಕ ಆಗಂಗಿಲ್ಲ ಬಿಡು!" ಎಂದು ಛೇಡಿಸಿದರು. ಅವ್ವ ನಕ್ಕಳು.

ಮನೆಗೆ ಬಂದ ಮೇಲೆ ಅವಳು ಮೂಲೆಯಲ್ಲಿ ಜೋಳದ ಚೀಲದ ಹಿಂದಿನಿಂದ ಒಂದು ಕಾಗದದ ಗಂಟು ಎಳೆದಳು. ಬಿಚ್ಚಿದೆ. ಒಳಗೆ ಹೊಚ್ಚ ಹೊಸ ನೀಲಿ ಬಟ್ಟೆ, ಇಡೀ ಗೋಡೆ ಮುಚ್ಚುವಷ್ಟು. ವಿಹಾರದಲ್ಲಿ ಮಾತು ಕೊಟ್ಟ ಮರುದಿನವೇ ಬಸವಕಲ್ಯಾಣಕ್ಕೆ ಹೋಗಿ ತಂದಿದ್ದಳಂತೆ.

"ಅಂದ್ರ ನನ್ನ ಮ್ಯಾಲ ಭರೋಸಾ ಇರಲಿಲ್ಲೇನು ನಿನಗ?" ಎಂದು ರೇಗಿದೆ.

"ನೀಲಿ ಬರಲಿಲ್ಲಂದ್ರ ಮಂದಿ ನಿನಗ ಬೈತಿದ್ರು," ಎಂದಳು. "ಈ ಬಟ್ಟಿ ಗೋಡಿಗಿ ಕಟ್ಟಿ, ಬ್ಯಾನರ್ ಬ್ಯಾಡ ಅಂತ ನಾನೇ ಅಂದೆ, ಅದಕ್ಕ ಮಾಡಿಸಲೇ ಇಲ್ಲ ಅಂತ ಮಂದಿಗಿ ಹೇಳ್ತಿದ್ದೆ. ನಿನ್ನ ಹೆಸರೇ ಬರ್ತಿರಲಿಲ್ಲ."

ನಾನು ಬಟ್ಟೆಯನ್ನು ಮಡಚಿ ಮತ್ತೆ ಕಾಗದದಲ್ಲಿ ಸುತ್ತಿದೆ. ಅವ್ವ ಒಲೆಯ ಕಡೆ ತಿರುಗಿ ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದಳು.

"ಮುಂಜಾನಿಯಿಂದ ನನಗ ಒಂದು ತುತ್ತು ಇಳಿದಿಲ್ಲ ನೋಡು," ಎಂದಳು. "ಬಾ, ಈಗ ಹಸಿವಿ ಆಗಾಕತ್ತದ."