ಫಲಕಕ್ಕೆ ತಕ್ಕ ಸುತ್ತಿಗೆ

೧೯೫೬ ನವೆಂಬರ್ ೧, ಶಿರಹಟ್ಟಿ. ವಾಚನಾಲಯದ ಬಾಗಿಲ ಮೇಲೆ ‘ಮೈಸೂರು ರಾಜ್ಯ’ ಎಂದು ಬರೆದ ಹೊಸ ಫಲಕವನ್ನು ಹೊಡೆಯಬೇಕಿತ್ತು.

ಗೆಳೆಯರೇ, ನಾಲ್ಕು ಗಂಟೆಗೆ ಮೆರವಣಿಗೆ ಬರುವುದರೊಳಗೆ ಅದು ಮೇಲೇರದಿದ್ದರೆ ಕಾರ್ಯದರ್ಶಿಯಾದ ನನ್ನ ಮಾನ ಹೋಗುತ್ತಿತ್ತು. ಫಲಕವಿತ್ತು, ಮೊಳೆಗಳಿದ್ದವು, ಸುತ್ತಿಗೆ ಇರಲಿಲ್ಲ. ಕಮ್ಮಾರ ಈರಪ್ಪ ಗಾಡಿಯ ಗಾಲಿಗೆ ಕಬ್ಬಿಣದ ಹಳಿ ಕಟ್ಟಲು ತನ್ನ ಸುತ್ತಿಗೆಗಳೊಂದಿಗೆ ಕೊರ್ಲಹಳ್ಳಿಗೆ ಹೋಗಿದ್ದ. ಅಕ್ಕಸಾಲಿಗ ಮಾನಪ್ಪ ಪತ್ತಾರ ತನ್ನದನ್ನು ಮುಟ್ಟಗೊಡಲಿಲ್ಲ.

“ಮೊಳಿಗೆ ಹೊಡದ್ರ ಇದರ ಮಾರಿ ತಗ್ಗ ಬೀಳತೈತ್ರಿ. ನಾಳಿ ಮಂದಿ ಬಂಗಾರದ ಮ್ಯಾಲೆ ನಿಮ್ಮ ಮೊಳಿ ಗುರ್ತ ಮೂಡತೈತಿ.”

ಕೊನೆಗೆ ಎತ್ತುಗಳಿಗೆ ಲಾಳ ಕಟ್ಟುವ ಹುಸೇನಸಾಬರು ಸುತ್ತಿಗೆ ಹಿಡಿದು ತಾವೇ ಬಂದರು. ದಿನವಿಡೀ ಮೊಳೆ ಹೊಡೆಯುವ ಕೈ ಅದು. ಅಧ್ಯಕ್ಷ ಗೌಡರು ತಡೆದರು.

“ಎತ್ತಿನ ಕಾಲಿಗೆ ಬಡಿಯೂ ಸುತಗಿಲೆ ನಾಡಿನ ಹೆಸರು ಹೊಡಿಯೂದ? ಶೋಭಾ ಅಲ್ಲ.”

“ಅದ ಎತ್ತಿನ ಗಾಡ್ಯಾಗ ಕುಂತ ನೀವು ಸಭಾಕ ಬಂದೀರಲ್ರಿ, ಗೌಡ್ರ!” ಎಂದರು ಹುಸೇನಸಾಬರು.

ಗೌಡರು ಕೇಳಿಸಿಕೊಳ್ಳಲಿಲ್ಲ. ಮೆರವಣಿಗೆ ಬಂದೇಬಿಟ್ಟಿತು. ಫಲಕದ ಒಂದು ತುದಿಯನ್ನು ನಾನು, ಇನ್ನೊಂದನ್ನು ಹುಸೇನಸಾಬರು ಎತ್ತಿ ಹಿಡಿದು ನಿಂತೆವು. ಗೌಡರು ನಾವೆಲ್ಲ ಒಂದೇ ಎಂದು ಮುಕ್ಕಾಲು ಗಂಟೆ ಮಾತನಾಡಿದರು.

“ಸರ, ಜಲ್ದಿ ಮುಗಸಾಕ ಹೇಳ್ರಿ. ಒಂದ ಆಗೂದ್ರಾಗ ಕೈ ಸೋತ್ವು,” ಎಂದರು ಹುಸೇನಸಾಬರು.

ಈವರೆಗೆ ಯಾವುದಕ್ಕೂ ಹೊಡೆಯದ ಸುತ್ತಿಗೆಯೊಂದನ್ನು ಗದಗಿನಿಂದ ತರಬೇಕೆಂದು ಸಂಜೆಯ ಸಭೆಯಲ್ಲಿ ಸರ್ವಾನುಮತದ ಠರಾವಾಯಿತು. ಯಾರು ತರಬೇಕೆಂಬುದನ್ನು ಮುಂದಿನ ಸಭೆಗೆ ಬಿಡಲಾಗಿದೆ.