ಟ್ರೇಲರಿನ ಎರಡು ಗಾಲಿಗಳು

ಇದು ನಿನ್ನಿಂದ ಆಗುವುದಿಲ್ಲ ಎಂದು ನನಗೆ ಹೇಳಿದವನು ನಮ್ಮಪ್ಪ.

ನಾನು ಡಿಗ್ರಿಗೆ ಸೇರಿದಾಗ ಆಗುವುದಿಲ್ಲ ಎಂದವರು ಉಪ್ಪಿನಬೆಟಗೇರಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಕಾಕಾ ಅಂದ, ಅತ್ತಿ ಅಂದಳು, ಓಣಿಯವರೆಲ್ಲ ಅಂದರು. ಅಪ್ಪ ಒಬ್ಬನೇ ಅನ್ನಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ದಿನಾ ಧಾರವಾಡಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಭೂಗರ್ಭಶಾಸ್ತ್ರ ಓದಿದೆ. ಈ ಮಾತನ್ನು ನಾನು ಈಗಲೂ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಅಂಥ ಅಪ್ಪ, ನಾನು ಹುಬ್ಬಳ್ಳಿಯಲ್ಲಿ ಅಂತರ್ಜಲ ಹುಡುಕುವ ಕಂಪನಿಯೊಂದಕ್ಕೆ ಸೇರಿ ಎರಡನೇ ವರ್ಷ, "ರಾಜಸ್ಥಾನದಾಗ ಉಸುಕಿನ ದಿಬ್ಬದ ಮ್ಯಾಲ ಟ್ರೇಲರ್ ಎಳಕೊಂಡು ಗಾಡಿ ಹೊಡಿಯೂದು ಕಲಸ್ತಾರಂತ, ನಾನೂ ಹೊಂಟೀನಿ" ಎಂದಾಗ, ಪಂಕ್ಚರ್ ನೋಡುತ್ತಿದ್ದ ಟ್ಯೂಬನ್ನು ನೀರಿನ ಬೋಗುಣಿಯಲ್ಲೇ ಬಿಟ್ಟು ನನ್ನ ಮುಖ ನೋಡಿದ.

"ಅದು ನಿನ್ನ ಕಡಿಂದ ಆಗಂಗಿಲ್ಲ ಬಿಡವ್ವ."

"ಯಾಕ ಆಗಂಗಿಲ್ಲ?"

"ಟ್ರೇಲರ್ ಹಿಂದಿದ್ರ ಗಾಡಿ ನಿನ್ನ ಮಾತು ಕೇಳಂಗಿಲ್ಲ. ಅದರ ಮಾತು ಕೇಳತೈತಿ."

ಅಪ್ಪ ಮೊದಲು ಊರಿನ ಜಮೀನುದಾರರೊಬ್ಬರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೊರಟಿದ್ದೆ. ಹಳ್ಳದ ಏರಿಯ ಹತ್ತಿರ ಮೊದಲು ಕಂಡದ್ದು ಒಂದು ಗಾಲಿ. ಮೇಲಕ್ಕೆ ಮುಖ ಮಾಡಿ ಇನ್ನೂ ತಿರುಗುತ್ತಿತ್ತು. ಆಮೇಲೆ ಕಡಲೆ ಚೀಲಗಳು ಕಂಡವು, ಆಮೇಲೆ ಅಪ್ಪನ ದನಿ ಕೇಳಿತು. ಎಡಗಾಲು ಟ್ರೇಲರಿನ ಅಡಿಗೆ ಸಿಕ್ಕಿತ್ತು. ಕಾಲು ಉಳಿಯಿತು, ಆದರೆ ಕ್ಲಚ್ ತುಳಿಯುವಷ್ಟು ಉಳಿಯಲಿಲ್ಲ. ಬಸ್ ಸ್ಟ್ಯಾಂಡಿನ ಬಾಜೂಕ ಒಂದು ತಗಡಿನ ಶೆಡ್ ಹಾಕಿ, ಪಂಕ್ಚರ್ ತೆಗೆಯುವ, ಗಾಳಿ ತುಂಬುವ ಅಂಗಡಿ ಇಟ್ಟ. ನಾನು ಓದಿದ್ದು ಆ ಗಾಳಿಯಿಂದಲೇ.

ಹೇಗೆ ಮಗುಚಿತು ಎಂದು ಯಾರು ಕೇಳಿದರೂ ಅವನದು ಒಂದೇ ಉತ್ತರ: "ಟ್ರೇಲರ್ ಗಾಲಿ ಮೆತ್ತಗಿದ್ವು." ಅಂಗಡಿಗೆ ಬಂದ ಪ್ರತಿ ಟ್ರೇಲರಿನ ಗಾಲಿಗೂ ಬೆರಳ ಗಂಟಿನಿಂದ ಬಡಿದು ನೋಡುತ್ತಿದ್ದ. ಕಲ್ಲಿನಂತೆ ಸದ್ದು ಬರುವವರೆಗೆ ಗಾಳಿ ತುಂಬುತ್ತಿದ್ದ. ರೈತರು ನಗುತ್ತಿದ್ದರು, "ಸಾಕೋ ಮಾರಾಯಾ, ಹಾರಿ ಹೋದೀತು" ಎಂದು. ನಾನು ನಗುತ್ತಿರಲಿಲ್ಲ. ಆ ದಿನದಿಂದ ಯಾವ ಟ್ರೇಲರಿನ ಮಗ್ಗುಲಿಗೂ ನಾನು ನಡೆದವಳಲ್ಲ. ರಸ್ತೆ ದಾಟಿ ಆಚೆ ಹೋಗುತ್ತಿದ್ದೆ.

ಈಗ ಅದೇ ಟ್ರೇಲರ್ ನನ್ನ ಕೊರಳಿಗೆ ಬಿದ್ದಿತ್ತು. ಮರಳುಗಾಡಿನಲ್ಲಿ ನೀರು ಹುಡುಕುವ ಕೆಲಸ ಕಂಪನಿಗೆ ಸಿಕ್ಕಿತ್ತು. ಉಪಕರಣಗಳು, ಕೇಬಲ್ಲು, ನೀರಿನ ಡ್ರಮ್ಮು ಎಲ್ಲ ಜೀಪಿನಂಥ ಗಾಡಿಯ ಹಿಂದೆ ಟ್ರೇಲರಿನಲ್ಲೇ ಹೋಗಬೇಕು. ಚಾಲನೆಯ ಸರ್ಟಿಫಿಕೇಟ್ ಇಲ್ಲದವರು ಫೀಲ್ಡಿಗೆ ಹೋಗುವಂತಿಲ್ಲ ಎಂದು ನಿಯಮ ಮಾಡಿದರು. ಸಿಗದಿದ್ದರೆ ಹುಬ್ಬಳ್ಳಿಯ ವಿದ್ಯಾನಗರದ ಆಫೀಸಿನಲ್ಲಿ ಕೂತು, ಬೇರೆಯವರು ಅಳೆದು ತಂದದ್ದರ ನಕ್ಷೆ ಬರೆಯುತ್ತ ಇರಬೇಕು. ಅದಕ್ಕಾಗಿ ನಾನು ಅಷ್ಟು ವರ್ಷ ಬಸ್ಸಿನಲ್ಲಿ ನಿಂತಿರಲಿಲ್ಲ.

ಕಲಿಸಲು ಬಂದವರು ಬೆಳಗಾವಿ ಕಡೆಯವರು, ಸೈನ್ಯದಲ್ಲಿದ್ದಾಗ ಮರಳಿನಲ್ಲಿ ಲಾರಿ ಓಡಿಸಿದವರು. ಕಂಪನಿಯಿಂದ ಕಲಿಯಲು ಬಂದ ನಾವೆಲ್ಲ ಅವರನ್ನು ಸುಬೇದಾರರು ಎನ್ನುತ್ತಿದ್ದೆವು. ಮೊದಲ ವಾರ ಹುಬ್ಬಳ್ಳಿಯಲ್ಲೇ, ಬೈರಿದೇವರಕೊಪ್ಪದ ಖಾಲಿ ಸೈಟುಗಳಲ್ಲಿ ಪೇಂಟಿನ ಡಬ್ಬಿ ಸಾಲಾಗಿಟ್ಟು, ನಡುವೆ ಟ್ರೇಲರ್ ಹಿಂದಕ್ಕೆ ತೆಗೆಯಲು ಹಚ್ಚಿದರು. ಅದೊಂದು ನನಗೆ ಬರುತ್ತಿತ್ತು. ಚಿಕ್ಕವಳಿದ್ದಾಗ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಅಪ್ಪನ ಕೈ ನೋಡಿದ್ದೆ. ಸ್ಟೇರಿಂಗನ್ನು ಕೆಳಗಡೆ ಹಿಡಿಯಬೇಕು. ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಯಬೇಕು, ಅದೂ ಒಂದೇ ಬೆರಳಷ್ಟು.

"ಯಾರ ಕಲಿಸಿದ್ರು ತಂಗೀ?" ಎಂದು ಸುಬೇದಾರರು ಕೇಳಿದರು.

"ನಮ್ಮಪ್ಪರಿ."

"ಹಂಗಾರ ಅವರನ್ನೇ ಕರಕೊಂಡು ಹೋಗೂಣಲ್ಲ."

ಎಲ್ಲರೂ ನಕ್ಕರು. ಇಳಿದ ಮೇಲೆ ನಾನು ಟ್ರೇಲರನ್ನು ದೂರದಿಂದ ಸುತ್ತು ಹಾಕಿ ಬಂದದ್ದು ಯಾರಿಗೂ ಕಾಣಲಿಲ್ಲ.

ರಾಜಸ್ಥಾನಕ್ಕೆ ಹೊರಡುವ ಮುಂಜಾನೆ ಅಪ್ಪ ತನ್ನ ಹಳೆಯ ಗೇಜು, ಗಾಳಿ ಎಷ್ಟಿದೆ ಎಂದು ನೋಡುವ ಪೆನ್ನಿನಂಥ ಕಡ್ಡಿ, ನನ್ನ ಚೀಲದಲ್ಲಿಟ್ಟ. "ಟ್ರೇಲರ್ ಗಾಲಿ ಗಟ್ಟಿ ಇರ್ಲಿ. ಉಳಿದದ್ದು ಅವ್ರು ಹೇಳಿದಂಗ ಮಾಡು" ಎಂದ.

ಮರಳುಗಾಡನ್ನು ಚೆಂದ ಎಂದು ಬರೆಯುವವರು ಸ್ಟೇರಿಂಗ್ ಹಿಂದೆ ಕೂತು ಅದನ್ನು ನೋಡಿರಲಿಕ್ಕಿಲ್ಲ. ದಿಬ್ಬದ ಬುಡದಲ್ಲಿ ನಿಂತರೆ ಎದುರಿಗೆ ಬರೀ ಗೋಡೆ. ತುದಿಯ ಆಚೆ ಏನಿದೆಯೋ ಗೊತ್ತಾಗುವುದಿಲ್ಲ. ಸುಬೇದಾರರು ಮೊದಲ ದಿನ ಗಾಡಿಯನ್ನೇ ಮುಟ್ಟಗೊಡಲಿಲ್ಲ, ನಡೆಸಿದರು. ಹಳೆಯ ಗಾಲಿಯ ಜಾಡಿದ್ದರೆ ಅದರಲ್ಲೇ ಹೋಗಬೇಕು. ಹುಲ್ಲಿನ ಗಡ್ಡೆ ಕಂಡರೆ ಸುತ್ತು ಹಾಕಬೇಕು. "ಆ ಹುಲ್ಲು ದಿಬ್ಬಾನ ಹಿಡದೈತಿ. ನೀವು ತುಳದು ಕೊಂದ್ರ ದಿಬ್ಬ ಎದ್ದು ಹೊಲಕ್ಕ ಬರತೈತಿ. ಇಲ್ಲೂ ಮಂದಿ ಬಿತ್ತತಾರ." ತುದಿಯ ಆಚೆ ಒಬ್ಬರು ನಿಂತು ನೋಡದೆ ಯಾರೂ ಹತ್ತಬಾರದು. ಗಾಲಿಯ ಗಾಳಿ ಅರ್ಧದಷ್ಟು ಇಳಿಸಬೇಕು, ಆಗ ಗಾಲಿ ಅಗಲಾಗಿ ಮರಳಿನ ಮೇಲೆ ತೇಲುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು: ಹತ್ತಲಿಕ್ಕಾಗದಿದ್ದರೆ ನಿಲ್ಲಿಸಿ, ಬಂದ ದಾರಿಯಲ್ಲೇ ಸೀದಾ ಹಿಂದಕ್ಕೆ ಇಳಿಯಬೇಕು. ದಿಬ್ಬದ ಮೈಯಲ್ಲಿ ಅಡ್ಡ ತಿರುಗಿಸಿದರೆ ಮುಗಿಯಿತು.

"ಅಡ್ಡ ಹೊರಳಿದ ಗಾಡಿ ಉರುಳಿದ ಗಾಡಿ" ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು.

ಪರೀಕ್ಷೆಯ ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಮೇಲೆ ಮುಖ ಮಾಡಿ ತಿರುಗುವ ಆ ಗಾಲಿ.

ಮುಂಜಾನೆ ಡಾಂಬರು ಮುಗಿಯುವ ಜಾಗದಲ್ಲಿ ಆರೂ ಗಾಲಿಗಳ ಗಾಳಿ ಇಳಿಸಿದೆವು. ಸುಬೇದಾರರು ಕೆಂಪು ಬಾವುಟ, ವಾಕಿಟಾಕಿ ಹಿಡಿದು ತುದಿಯ ಕಡೆ ನಡೆದರು. ಗಾಡಿಯ ಹತ್ತಿರ ನಾನೊಬ್ಬಳೇ ಉಳಿದೆ. ಟ್ರೇಲರಿನ ಗಾಲಿಗಳು ಹೊಟ್ಟೆ ಬಿಟ್ಟುಕೊಂಡು ಕೂತಿದ್ದವು. ಬೆರಳಿನಿಂದ ಬಡಿದೆ. ಸದ್ದೇ ಬರಲಿಲ್ಲ. ಗಾಡಿಯಲ್ಲಿ ಸಣ್ಣ ಗಾಳಿಯಂತ್ರವಿತ್ತು, ವಾಪಸ್ ರಸ್ತೆಗೆ ಬಂದಾಗ ಬೇಕೆಂದು. ಅದನ್ನು ಹಚ್ಚಿ ಟ್ರೇಲರಿನ ಎರಡೂ ಗಾಲಿಗೆ ಗಾಳಿ ತುಂಬಿದೆ. ಅಪ್ಪನ ಗೇಜಿನಿಂದ ನೋಡಿದೆ, ಬಡಿದೆ, ಕಲ್ಲಿನ ಸದ್ದು ಬಂತು. ಮುಂದಿನ ನಾಲ್ಕು ಗಾಲಿ ಸುಬೇದಾರರ ಮಾತಿನಂತೆ, ಹಿಂದಿನ ಎರಡು ಅಪ್ಪನ ಮಾತಿನಂತೆ. ನನಗೆ ಸಮಾಧಾನವಾಯಿತು. ಡಿಗ್ರಿ ಓದಿದವಳು ನಾನು, ಮರಳಿನ ಕಣದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು.

ತುದಿಯಿಂದ ಬಾವುಟ ಬೀಸಿದರು. ಹೊರಟೆ.

ಅರ್ಧ ದಿಬ್ಬದವರೆಗೆ ಸರಿಯಾಗಿಯೇ ಇತ್ತು. ಆಮೇಲೆ ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದಂತಾಯಿತು. ಗಾಡಿ ಗೊರ್ ಎಂದಿತು, ವೇಗ ಸತ್ತಿತು, ಹಿಂಭಾಗ ಕುಸಿಯಿತು. ಟ್ರೇಲರ್ ಸ್ವಲ್ಪ ಎಡಕ್ಕೆ ಸರಿದು, ಗಾಡಿಯೂ ಅದರ ಜೊತೆ ಎಡಕ್ಕೆ ವಾಲಿತು. ಎಡ ಕಿಟಕಿಯಲ್ಲಿ ಆಕಾಶ ಕಾಣುವುದು ಹೋಗಿ ಮರಳು ಕಾಣತೊಡಗಿತು. ನನ್ನ ಎರಡೂ ಕೈಗೆ ಒಂದೇ ಆಸೆ: ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಇಳಿಜಾರಿನ ಕಡೆ ಓಡಿಬಿಡಬೇಕು. ಇಷ್ಟು ವರ್ಷದ ಹೆದರಿಕೆಯೆಲ್ಲ ಆ ಕೈಗಳಲ್ಲಿತ್ತು. ಹೇಗೋ ಕಾಲು ಎಕ್ಸಲರೇಟರ್ ಬಿಟ್ಟಿತು. ಗಾಡಿ ನಿಂತಿತು. ನಾನು ಉಸಿರಾಡಿದರೂ ಉರುಳೀತು ಎನಿಸಿತು.

"ಯಾಕ ನಿಂತಿ ತಂಗೀ?" ವಾಕಿಟಾಕಿ ಕೇಳಿತು.

ಕನ್ನಡಿಯಲ್ಲಿ ಟ್ರೇಲರ್ ನೋಡಿದೆ. ಹೇಳಿದರೆ ಸರ್ಟಿಫಿಕೇಟ್ ಹೋಯಿತು. ಹೇಳದೆ ಇನ್ನೊಂದು ಸಲ ಒತ್ತಿದರೆ?

"ಸರ್ರ, ಟ್ರೇಲರ್ ಗಾಲಿಗೆ ನಾ ಮತ್ತ ಗಾಳಿ ತುಂಬೀನ್ರಿ."

ಸುಬೇದಾರರೇ ತುದಿಯಿಂದ ಇಳಿದು ಬಂದರು. ಬೈಯಲಿಲ್ಲ. ಹಿಂದಿನ ಜಾಡು ತೋರಿಸಿದರು. ಗಾಡಿಯ ಗಾಲಿ ಅಗಲಾಗಿ, ಮೇಲೆ ಮೇಲೆ ಹೋಗಿತ್ತು. ಟ್ರೇಲರಿನದು ಎರಡು ಕಡೆ ನೇಗಿಲು ಹೂಡಿದಂತೆ ಆಳಕ್ಕೆ ಸೀಳಿತ್ತು.

"ಬಿತ್ತಾಕ ಬಂದೀ ಏನು?" ಎಂದರು. "ಇಳಿ. ನಿನ್ನ ಕೈಯಿಂದನೇ ಗಾಳಿ ಬಿಡು."

ವಾಲಿದ ಗಾಡಿಯಿಂದ ಮೇಲಕ್ಕೆದ್ದ ಕಡೆಯ ಬಾಗಿಲು ತೆರೆದು ಇಳಿದೆ. ಟ್ರೇಲರಿನ ಗಾಲಿಯ ಪಕ್ಕ ಮೊಣಕಾಲೂರಿದೆ. ಹಳ್ಳದ ಏರಿಯ ಆ ದಿನದ ಮೇಲೆ, ವಾಲಿದ ಟ್ರೇಲರಿನ ಅಷ್ಟು ಹತ್ತಿರ ನಾನು ಹೋಗಿರಲಿಲ್ಲ. ಗಾಳಿ ಸುಯ್ಯೆಂದು ಹೋಗುವಾಗ ಕೈಯಿಂದ ಗೇಜು ಎರಡು ಸಲ ಮರಳಿಗೆ ಬಿತ್ತು. ಸಲಿಕೆಯಿಂದ ಗಾಲಿಗಳ ಹಿಂದಿನ ಮರಳು ತೆಗೆದೆವು. ಮತ್ತೆ ಹತ್ತಿ ಕೂತೆ. ರಿವರ್ಸ್ ಹಾಕಿ, ಕ್ಲಚ್ ಬಿಟ್ಟು, ಬ್ರೇಕ್ ಮುಟ್ಟದೆ, ಸ್ಟೇರಿಂಗನ್ನು ಕೆಳಗಡೆ ಹಿಡಿದು, ಒಂದೊಂದೇ ಬೆರಳು. ಬುಡ ಮುಟ್ಟುವವರೆಗೆ ನಾನು ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಮುಟ್ಟಿದ ಮೇಲೆ ಬಾಗಿಲು ತೆಗೆದು ವಾಂತಿ ಮಾಡಿಕೊಂಡೆ.

"ಇವತ್ತ ಫೇಲ್. ನಾಳೆ ಮತ್ತ ಹತ್ತು" ಎಂದರು ಸುಬೇದಾರರು.

ಮರುದಿನ ಆರೂ ಗಾಲಿ ಮೆತ್ತಗಿದ್ದವು. ಹತ್ತಿದೆ. ಧೈರ್ಯ ಬಂದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ತುದಿ ದಾಟಿ ಆಚೆ ಇಳಿಯುವಾಗಲೂ ಹಲ್ಲು ಕಡಿದುಕೊಂಡೇ ಇದ್ದೆ.

ಸರ್ಟಿಫಿಕೇಟ್ ಕೊಟ್ಟದ್ದು ವಿದ್ಯಾನಗರದ ಆಫೀಸಿನಲ್ಲಿ. ಅಪ್ಪ ಎರಡು ಬಸ್ಸು ಬದಲಿಸಿ, ಕಾಲೆಳೆಯುತ್ತ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದ. ಸುಬೇದಾರರು ಅವನನ್ನೇ ಮುಂದೆ ಕರೆದರು.

"ನಿಮ್ಮ ಮಗಳು ಗಾಳಿ ತುಂಬೂದ್ರಾಗ ಭಾಳ ಹುಷಾರ್ ಅದಾಳ್ರಿ."

ಅಪ್ಪ ನನ್ನ ಕಡೆ ತಿರುಗಿದ. ನಡೆದದ್ದನ್ನು ಅಲ್ಲೇ ಹೇಳಿದೆ, ಗೇಜಿನ ಸಮೇತ. ಅವನ ಮುಖ ಸಣ್ಣದಾಯಿತು.

"ಹಂಗಿದ್ರೂ ಪಾಸ್ ಮಾಡೀರಿ?"

"ಖರೇ ಹೇಳಿದ್ಲಂತ ಮಾಡಿಲ್ರಿ. ಆ ವ್ಯಾಳ್ಯಾದಾಗ ಯಾರರೆ ಆಗ್ಲಿ, ಅಡ್ಡ ಹೊರಳಿಸಿ ಬಿಡತಾರ. ಈಕಿ ಸೀದಾ ಹಿಂದ ಇಳಿಸಿದ್ಲು. ತಗೋರಿ, ನೀವೇ ಕೊಡ್ರಿ ಆಕಿಗೆ."

ಅಪ್ಪ ಸರ್ಟಿಫಿಕೇಟನ್ನು ಇಸಿದುಕೊಂಡ. ಬೆರಳಿನ ಎಣ್ಣೆಮಸಿ ಹತ್ತೀತೆಂದು ಅಂಚಿನಲ್ಲಿ ಹಿಡಿದಿದ್ದ. ಅದನ್ನು ನನ್ನ ಕೈಯಲ್ಲಿಡುವಾಗ ನನ್ನ ಮುಖ ನೋಡಲಿಲ್ಲ.

"ಅವತ್ತ ಟ್ರೇಲರ್ ಗಾಲಿ ಮೆತ್ತಗಿರಲಿಲ್ಲವ್ವ, ಗಟ್ಟೇ ಇದ್ವು," ಎಂದ. "ಹಳ್ಳದ ಏರಿ ಮ್ಯಾಲ ಟ್ರ್ಯಾಕ್ಟರ್ ಜಗ್ಗಲಿಲ್ಲ. ಹೆದರಿ ನಾನೇ ಅಡ್ಡ ಹೊರಳಿಸಿದೆ."