ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

ಅಪ್ಪನ ಕೆಮ್ಮಿಗೆ ನಾವು ಮೊದಲು ಹೊಣೆ ಮಾಡಿದ್ದು ಮನೆಯೆದುರು ಅಗೆದಿಟ್ಟಿದ್ದ ರಸ್ತೆಯನ್ನು. ರಸ್ತೆ ಮುಚ್ಚಿದ ಮೇಲೆ, ಎದುರು ಮನೆಯವರು ಕಟ್ಟಿಸುತ್ತಿದ್ದ ಮೂರನೇ ಮಹಡಿಯನ್ನು. ಅದೂ ಮುಗಿದಾಗ ‘ಅಲರ್ಜಿ’ ಎಂಬ ಮಾತು ಬಂತು. ಅದನ್ನು ಹೇಳಿದ್ದು ಯಾರಾದರೂ ಡಾಕ್ಟರೋ, ಬೆಳಗ್ಗೆ ಅಪ್ಪನ ಜೊತೆ ಪಾರ್ಕಿನಲ್ಲಿ ನಡೆಯುವ ಗೆಳೆಯರೋ, ಈಗ ನೆನಪಿಲ್ಲ. ಆ ಗೆಳೆಯರಲ್ಲಿ ಒಬ್ಬರು ಆಡುಸೋಗೆ ಕಷಾಯ ಎಂದರು, ಇನ್ನೊಬ್ಬರು ಹಾಲಿಗೆ ಅರಿಸಿನ, ಮೆಣಸು ಎಂದರು. ಅಮ್ಮ ಎರಡನ್ನೂ ಮಾಡಿಕೊಟ್ಟಳು. ಅಪ್ಪ ಎರಡನ್ನೂ ಕುಡಿದು ಕೆಮ್ಮಿದರು.

“ಸಾಹೇಬ್ರ ಕೆಮ್ಮು ಸರಿಯಿಲ್ಲ ಅಕ್ಕಾ, ದೊಡ್ಡಾಸ್ಪತ್ರೆಗೆ ತೋರ್ಸಿ” ಎಂದು ಮೊದಲು ಹೇಳಿದ್ದು ನಮ್ಮ ಮನೆಕೆಲಸಕ್ಕೆ ಬರುವಾಕೆ. ಗವಿಪುರಂ ಕಡೆಯಿಂದ ಹನುಮಂತನಗರದ ನಮ್ಮ ಮನೆಗೆ ಹನ್ನೆರಡು ವರ್ಷದಿಂದ ನಡೆದು ಬರುತ್ತಿದ್ದಾಳೆ. ಆಕೆಯ ಮಾತನ್ನು ನಾವು ಕಾಳಜಿ ಎಂದುಕೊಂಡೆವು, ಸಲಹೆ ಎಂದುಕೊಳ್ಳಲಿಲ್ಲ.

ಕೊನೆಗೆ ಕಫ ಪರೀಕ್ಷೆಯಾಯಿತು. ಟೀಬಿ. ಅಪ್ಪ ಡಾಕ್ಟರ ಮುಂದೆ ಎದೆ ತಟ್ಟಿಕೊಂಡರು. “ರಾಗಿ ಮುದ್ದೆ ತಿಂದ್ ಬೆಳ್ದಿರೋ ಎದೆ ಸಾರ್ ಇದು. ಟೀಬಿ ಎಲ್ಲಿಂದ ಬರುತ್ತೆ?”

“ಗಾಳಿಯಿಂದ ಯಜಮಾನ್ರೇ. ಅದಕ್ಕೆ ರಾಗಿ ಯಾವ್ದು, ಅಕ್ಕಿ ಯಾವ್ದು ಗೊತ್ತಾಗಲ್ಲ.”

ಮನೆಗೆ ಬಂದ ಮೇಲೆ ಅಮ್ಮ, “ನಮ್ಮಂಥೋರಿಗೂ ಬರುತ್ತಾ ಇದು?” ಎಂದಳು. ನಾನು ನಕ್ಕೆ. ಓದಿದವಳ ನಗು ಅದು. ನನ್ನೊಳಗೂ ಅದೇ ಪ್ರಶ್ನೆ ಇತ್ತು.

ವಾರದೊಳಗೆ ಆಶಾ ಕಾರ್ಯಕರ್ತೆ ಬಂದರು. ರೋಗಿಯ ಜೊತೆ ಇರುವವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅದಕ್ಕೆ ಪಟ್ಟಿ ಬೇಕು ಎಂದರು. ಜಗಲಿಯ ಕುರ್ಚಿಯಲ್ಲಿ ಕೂತು, “ಮನೇಲಿ ಎಷ್ಟು ಜನ? ದಿನಾ ಬಂದು ಹೋಗೋರು ಬೇರೆ ಯಾರಾದ್ರೂ ಇದಾರಾ?” ಎಂದು ಕೇಳಿದರು.

“ಮೂರೇ ಜನ. ಬೇರೆ ಯಾರೂ ಇಲ್ಲ.”

ಆ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದಾಗುತ್ತಿತ್ತು.

ಆ ಉತ್ತರ ಕೊಟ್ಟವರು ಯಾರು? ನನ್ನ ಡೈರಿಯಲ್ಲಿ ‘ಆಶಾದವರು ಬಂದಿದ್ದರು, ಮೂರು ಹೆಸರು ಬರೆದುಕೊಂಡರು’ ಎಂದಷ್ಟೇ ಇದೆ. ಅಮ್ಮ ಎಂದು ಬರೆಯಲು ಕೈ ಹೋಗುತ್ತದೆ, ಅಮ್ಮನ ಬಾಯಲ್ಲಿ ಆ ಮಾತು ಹೊಂದುತ್ತದೆ. ಆದರೆ ಕುರ್ಚಿ ಹಾಕಿದವಳು ನಾನು, ಆಧಾರ್ ಕಾರ್ಡು ತಂದುಕೊಟ್ಟವಳು ನಾನು. ಉತ್ತರ ಕೊಟ್ಟವಳೂ ನಾನೇ ಇರಬೇಕು.

ಪಟ್ಟಿಯಲ್ಲಿ ಬಿಟ್ಟುಹೋದವಳು ಅಪ್ಪನ ಎದುರು ದಿನವೂ ಅರ್ಧ ಗಂಟೆ ಇರುತ್ತಿದ್ದವಳು. ಆಕೆ ಪಾತ್ರೆ ತೊಳೆಯುವಾಗ ಅಪ್ಪ, ತಮ್ಮ ಅಂಗಡಿಗೆ ಹೊರಡುವ ಮೊದಲು, ಸಿಂಕಿನ ಪಕ್ಕ ಸ್ಟೂಲ್ ಹಾಕಿಕೊಂಡು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ರಾಜಕೀಯ ಬಂದರೆ ಆಕೆ, “ಅದ್ ಬಿಡಿ ಸಾಹೇಬ್ರೇ, ಕೊಲೆ ಗಿಲೆ ಏನಾದ್ರೂ ಇದ್ರೆ ಓದಿ” ಎನ್ನುವಳು. ಸೊಳ್ಳೆ ಬರುತ್ತದೆಂದು ಕಿಟಕಿ ಸದಾ ಮುಚ್ಚಿರುತ್ತಿತ್ತು. ಅಪ್ಪ ಓದುತ್ತ ಕೆಮ್ಮುತ್ತಿದ್ದರು, ಕೆಮ್ಮುತ್ತ ಓದುತ್ತಿದ್ದರು.

ಮಾಸ್ಕ್ ಇದ್ದದ್ದು ಆಕೆಗೆ. ಕೊರೊನಾ ಕಾಲದಲ್ಲಿ ಅಮ್ಮ ಮಾಡಿದ ನಿಯಮ: ಹಿತ್ತಲ ಬಾಗಿಲಿಂದ ಬರಬೇಕು, ಕೈಕಾಲು ತೊಳೆಯಬೇಕು, ಮಾಸ್ಕ್ ಹಾಕಬೇಕು. ಕೊರೊನಾವನ್ನು ಊರೇ ಮರೆತರೂ ಆ ನಿಯಮ ಉಳಿದುಕೊಂಡಿತ್ತು. ನಮ್ಮೂರಿನಲ್ಲಿ ಅಜ್ಜಿ ಹಿತ್ತಲ ಬಾಗಿಲಿಗೆ ಬೇರೆ ಕಾರಣ ಹೇಳುತ್ತಿದ್ದಳು, ಜಾತಿಯ ಹೆಸರನ್ನೇ ಹಿಡಿದು. ಅಮ್ಮ ‘ಇನ್ಫೆಕ್ಷನ್’ ಎನ್ನುತ್ತಾಳೆ. ಹೀಗೆ ಬರೆದರೆ ಅಮ್ಮನಿಗೆ ಅನ್ಯಾಯವಾದೀತು. ಕೆಲಸದಾಕೆಯ ಮಗಳ ಬಾಣಂತನಕ್ಕೆ ತಿಂಗಳಿಡೀ ಊಟ ಕಳಿಸಿದವಳೂ ಇದೇ ಅಮ್ಮ. ಎರಡೂ ನಿಜ.

ಆಶಾದವರು ಬಂದುಹೋಗಿ ಎರಡು ದಿನ ಕಳೆದ ಮೇಲೆ ಆಕೆಯೇ ಕೇಳಿದಳು. “ಅಕ್ಕಾ, ಆ ಆಶಾ ಮೇಡಮ್ಮು ನಮ್ ಬೀದಿಗೆ ಬರೋರು. ಇಲ್ಲಿಗ್ಯಾಕ್ ಬಂದಿದ್ರು? ಸಾಹೇಬ್ರಿಗೆ ಟೀಬಿನಾ?”

“ಹೌದು.”

“ಗೊತ್ತಾಗಿ ಎಷ್ಟು ದಿನ ಆಯ್ತು?”

“ಒಂಬತ್ತು.”

ಕೈಯಲ್ಲಿದ್ದ ಬಾಣಲೆಯನ್ನು ಕೆಳಗಿಟ್ಟಳು. “ಮನೇಲಿ ಎಂಟು ತಿಂಗಳ ಕೂಸಿದೆ. ಇಲ್ಲಿಂದ ಹೋಗಿ ನಾನು ಮೊದಲು ಎತ್ಕೊಳ್ಳೋದೇ ಅದನ್ನ. ಒಂಬತ್ ದಿನ ಬಾಯ್ಮುಚ್ಕೊಂಡಿದ್ರಲ್ಲ ಅಕ್ಕಾ!”

ಅಂದೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಇನ್ನೊಂದು ಹೆಸರು ಸೇರಿಸಬೇಕು, ಅವರ ಮನೆಯಲ್ಲಿ ಕೂಸೂ ಇದೆ ಎಂದೆ. “ಕೆಲಸದೋರಾ?” ಎಂದರು ಅವರು. “ಕೆಲಸದೋರಿಗೆ ಟೀಬಿ ಬಂದ್ರೆ ಮನೆಯೋರು ಅರ್ಧ ಗಂಟೇಲಿ ಫೋನ್ ಮಾಡ್ತಾರೆ ಮೇಡಂ. ಇರ್ಲಿ, ನಾಳೆ ಕರ್ಕೊಂಡ್ ಬನ್ನಿ. ಮಗೂನ ನಾನು ನೋಡ್ತೀನಿ.”

ಮಾರನೆಯ ದಿನ ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಸಾಲಿನಲ್ಲಿ ಆಕೆ ಸೆರಗನ್ನು ಕಣ್ಣಿನವರೆಗೂ ಎಳೆದುಕೊಂಡು ಕೂತಳು. ವಾಸನೆಗೆ ಇರಬೇಕೆಂದುಕೊಂಡು ಹೊರಗೆ ಕೂರೋಣವಾ ಎಂದೆ.

“ವಾಸನೆ ಅಲ್ಲ ಅಕ್ಕಾ. ನಾಲ್ಕು ಮನೆ ಕೆಲಸ ನಂದು. ಇಲ್ಲಿ ಕೂತಿರೋದ್ ಯಾರಾದ್ರೂ ನೋಡಿದ್ರೆ, ನಾಳೆಯಿಂದ ಬರ್ಬೇಡ ಅಂತಾರೆ. ಸಾಹೇಬ್ರನ್ನ ಅಂಗಡಿಗೆ ಬರ್ಬೇಡಿ ಅನ್ನೋರ್ ಯಾರು? ಅಂಗಡಿ ಅವರ್ದೇ.”

ಸಾಲು ಮುಂದೆ ಸರಿಯಿತು, ನಾವೂ ಸರಿದೆವು.

ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಸಂಜೆ ಮಗುವೂ ಚೆನ್ನಾಗಿದೆ ಎಂದು ಆಶಾದವರಿಂದ ಫೋನ್ ಬಂತು. ಮಾಸ್ಕ್ ಕಾಪಾಡಿತೇ ಎಂದು ನಾನು ಡಾಕ್ಟರನ್ನು ಕೇಳಿದ್ದೆ. ಹೇಳಲಾಗದು, ಕೆಮ್ಮು ಬಂದರೆ ಮತ್ತೆ ಬರಲಿ ಎಂದಿದ್ದರು. ಅಮ್ಮನಿಗೆ ಅಂಥ ಅನುಮಾನವಿಲ್ಲ. “ನಾನ್ ಮಾಸ್ಕ್ ಹಾಕ್ಸಿದ್ದಕ್ಕೇ ಉಳ್ಕೊಂಡ್ಲು ನೋಡು” ಎಂದು ನನಗೆ ಹತ್ತು ಸಲವಾದರೂ ಹೇಳಿದ್ದಾಳೆ.

ಆಕೆ ಒಂದು ವಾರ ಬರಲಿಲ್ಲ. ಇನ್ನು ಬರುವುದೇ ಇಲ್ಲವೇನೋ ಎಂದು ನಾವು ಮೂವರೂ ಅಂದುಕೊಂಡೆವು. ಎಂಟನೆಯ ದಿನ ಬಂದು, ಹಿತ್ತಲಲ್ಲೇ ನಿಂತು, ತನ್ನ ಷರತ್ತು ಹೇಳಿದಳು: ತಾನು ಕೆಲಸ ಮುಗಿಸುವವರೆಗೆ ಸಾಹೇಬರು ತಾರಸಿಯ ಮೇಲಿರಬೇಕು, ಎರಡು ತಿಂಗಳು. ಮಾತ್ರೆ ಶುರುವಾಗಿ ಕೆಲವು ವಾರವಾದರೆ ಸಾಮಾನ್ಯವಾಗಿ ಅಂಟುವುದಿಲ್ಲವೆಂದು ಡಾಕ್ಟರು ಹೇಳಿದ್ದನ್ನು ತಿಳಿಸಿದೆ. “ಡಾಕ್ಟ್ರು ಹಂಗೇ ಹೇಳ್ತಾರೆ” ಎಂದಳು. ವಾದ ಮಾಡುವ ಹಕ್ಕು ನನಗೆ ಉಳಿದಿರಲಿಲ್ಲ.

ಅಪ್ಪ ಪೇಪರು, ಸ್ಟೂಲು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಅಡುಗೆಮನೆಯ ಕಿಟಕಿಯನ್ನು ಆಕೆ ಪೂರ್ತಿ ತೆಗೆದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅಪ್ಪ ಕೂಗಿ ಒಂದು ಕೊಲೆ ಸುದ್ದಿ ಓದತೊಡಗಿದರು, ಪಕ್ಕದ ಮನೆಯವರಿಗೂ ಕೇಳುವ ಹಾಗೆ. ಓದಿ ಮುಗಿಸಿ, “ಇಳೀಲೇನಮ್ಮಾ?” ಎಂದರು.

“ಇನ್ನೂ ನೆಲ ಒರ್ಸಿಲ್ಲ, ಇರಿ ಅಲ್ಲೇ!” ಎಂದು ಆಕೆ ಗದರಿದಳು. “ಅವ್ನು ಸಿಕ್ಕಿಬಿದ್ನಾ ಇಲ್ವಾ, ಅದನ್ನ ಓದಿ.”